ಬಂದ ದೋಣಿ

ಎರಡು ಕದ, ನಡುವೆ ಒಂದು ನೀರಿನ ಕೋಣೆ.
ಆಚೆ ಕೆರೆ ಎತ್ತರ, ಈಚೆ ಕಾಲುವೆ ತಗ್ಗು.
ಎರಡೂ ಕದ ಒಟ್ಟಿಗೆ ತೆರೆಯಕೂಡದು,
ದೋಣಿಯ ಮೇಲೆ ಕದ ಮುಚ್ಚಕೂಡದು.
ಫ್ರೀಸ್‌ಲಾಂಡಿನ ಕೂಸಿಗೂ ಗೊತ್ತಿರುವ ಈ ಮಾತನ್ನು
ತರ್ಕದ ಭಾಷೆಯಲ್ಲಿ ಬರೆಯಲು
ನನಗೆ ಒಂದು ಚಳಿಗಾಲ ಹಿಡಿಯಿತು.

ಪ್ರೋಗ್ರಾಂ ನಾನು ಬರೆಯುವುದಿಲ್ಲ.
ಏನು ಬೇಕೆಂದಷ್ಟೇ ಹೇಳುತ್ತೇನೆ,
ಹೇಗೆ ಅನ್ನುವುದು ಯಂತ್ರದ ಪಾಡು;
ರುಜುವಾತನ್ನೂ ಅದೇ ಕೊಡಬೇಕು.
"ಹೋಟೆಲಿನಲ್ಲಿ ಊಟ ಹೇಳಿದ ಹಾಗೆ," ಅಂದಳು ಅಮ್ಮ.
ಹೌದು. ಆದರೆ ಈ ಅಡುಗೆಯವನು
ಹೇಳಿದ್ದಕ್ಕಿಂತ ಒಂದು ಅಗುಳೂ ಹೆಚ್ಚು ಬಡಿಸ.
ತಟ್ಟೆ ಅನ್ನಲು ಮರೆತರೆ
ಸಾರು ಮೇಜಿನ ಮೇಲೇ.

ಮೊದಲ ಉತ್ತರ ಅರ್ಧ ಸೆಕೆಂಡಿನಲ್ಲಿ ಬಂತು:
ಯಾವ ಕದವನ್ನೂ ಎಂದೂ ತೆರೆಯಬೇಡ.
ಕೆಳಗೆ ರುಜುವಾತು, ಕೂದಲೆಳೆಯಷ್ಟೂ ತಪ್ಪಿಲ್ಲ.
ಗ್ರಾಸಾ ಮೇಡಂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.
"ಸತ್ತವನು ಸುಳ್ಳು ಹೇಳುವುದಿಲ್ಲ, ಯಿಲ್ದೌ,
ಹಾಗಂತ ಅವನನ್ನು ಸತ್ಯವಂತ ಅನ್ನುತ್ತೀಯಾ?
ಕೆಟ್ಟದ್ದು ಆಗಬಾರದು ಅಂತ ಬರೆದೆ.
ಒಳ್ಳೆಯದು ಆಗಬೇಕು ಅಂತ ಯಾರು ಬರೆಯಬೇಕು?"

ಬರೆದೆ:
ಕಾದ ದೋಣಿಗೆ ಎಂದಾದರೂ ಕದ ತೆರೆಯಲಿ.
ಈ ಸಲ ಮೂರು ಹಗಲು, ಮೂರು ರಾತ್ರಿ.
ಫ್ಯಾನಿನ ಮೊರೆತಕ್ಕೆ ಪಕ್ಕದ ಮೇಜಿನ ತಾಡಾಸ್
ಕಿವಿಗೆ ಹತ್ತಿ ತುರುಕಿಕೊಂಡು ತನ್ನ ಪ್ರಮೇಯ ತಿದ್ದಿದ.
ನಾಲ್ಕನೆಯ ಬೆಳಗ್ಗೆ ಪರದೆಯ ಮೇಲೆ:
ಇಂಥ ಪ್ರೋಗ್ರಾಂ ಇಲ್ಲ.
ಸಿಗಲಿಲ್ಲ ಅಂತಲ್ಲ.
ಇಲ್ಲ.
ಯಾರು ಬರೆದರೂ, ಯಾವ ಕಾಲಕ್ಕೂ.

ಪ್ರತ್ಯುದಾಹರಣೆಯನ್ನು ಮುದ್ರಿಸಿಕೊಂಡು
ಎನ್‌ಸ್ಕೆಡೆಯಿಂದ ರೈಲು ಹತ್ತಿದೆ.
ಮೂವತ್ತೊಂದು ವರ್ಷ ಆ ತೂಬು ಕಾಯ್ದ ನೀರುಗಂಟಿ ವೊಬ್ಬೆ,
ಅಕ್ಟೋಬರಿಗೆ ನಿವೃತ್ತಿ.
ಅವನ ಕುರ್ಚಿಗೆ ನಾನು ಯಾರನ್ನು ಹುಡುಕುತ್ತಿದ್ದೇನೆಂದು
ಅವನಿಗೂ ಗೊತ್ತು. ಕಾಫಿ ಬಗ್ಗಿಸಿ ಕೊಟ್ಟ.
ಬೆರಳಿಟ್ಟು ಓದಿದ:
ಕೆಳಗಿನ ಕದ ತೆರೆಯಿತು. ದೋಣಿ ಒಳಬಂತು.
ಕದ ಮುಚ್ಚಿತು. ನೀರು ಏರಿತು. ಮೇಲಿನ ಕದ ತೆರೆಯಿತು.
ಹೆಜ್ಜೆ ಹನ್ನೊಂದು: ದೋಣಿ ಕದದ ಬಾಯಲ್ಲಿ ನಿಂತಿದೆ.
ಹನ್ನೆರಡು: ನಿಂತಿದೆ.
ಹದಿಮೂರು: ನಿಂತಿದೆ.
ಹದಿನೇಳರಿಂದ ಮತ್ತೆ ಹನ್ನೊಂದಕ್ಕೆ ಬಾಣದ ಗುರುತು.

"ಯಾರಿವನು? ಯಾಕೆ ಹೋಗುತ್ತಿಲ್ಲ?"
"ಯಾರೂ ಅಲ್ಲ. ಹೋಗಬೇಕು ಅಂತ
ನಾನು ಎಲ್ಲೂ ಬರೆದಿಲ್ಲ."
"ಹೋಗುತ್ತಾರೆ," ಅಂದ ವೊಬ್ಬೆ.
"ಒಬ್ಬ ಜರ್ಮನಿಯವನು, ಎಂಜಿನ್ ಕೆಟ್ಟು, ಆರು ತಾಸು ನಿಂತ.
ಹಗ್ಗ ಕಟ್ಟಿ ಎಳೆದೆವು.
ಒಬ್ಬಳು ಗಂಡನ ಜೊತೆ ಜಗಳವಾಡುತ್ತ
ಇಲ್ಲೇ, ಕದದ ನಡುವೆ, ಲಂಗರು ಇಳಿಸಿಬಿಟ್ಟಳು.
ಕಾಫಿ ಕೊಟ್ಟೆ. ಹೋದಳು.
ಗಂಡ ದಂಡೆಯ ಮೇಲೆ ನಡೆದು ಹೋದ.
ನಿಂತವರು ಎಷ್ಟೋ ಜನ, ಹುಡುಗಿ.
ಹೋಗದವರು ಒಬ್ಬರೂ ಇಲ್ಲ."

ವಾಪಸು ರೈಲಿನಲ್ಲಿ, ಮೊಣಕಾಲ ಮೇಲೆ ಲ್ಯಾಪ್‌ಟಾಪ್.
'ಊಹೆಗಳು' ಎಂಬ ತಲೆಬರಹದಡಿ ಒಂದು ಸಾಲು ಸೇರಿಸಿದೆ:
ಬಂದ ದೋಣಿ ಎಂದಾದರೂ ಹೊರಡುತ್ತದೆ.
ಮೆಪ್ಪೆಲ್ ದಾಟುವಷ್ಟರಲ್ಲಿ ಪ್ರೋಗ್ರಾಂ ಸಿಕ್ಕಿತು,
ಇನ್ನೂರಾ ಆರು ಸಾಲು, ರುಜುವಾತಿನ ಸಮೇತ.
ಎದುರಿಗೆ ಕೂತ ಅಜ್ಜಿ ಕೇಳಿದರು, ಒಳ್ಳೇ ಸುದ್ದಿಯಾ?
ಹೂಂ ಅಂದೆ. ಯಾಕೋ ಗಂಟಲು ಕಟ್ಟಿತ್ತು.

ಕಡೆಯ ಪರೀಕ್ಷೆಯ ದಿನ ಕರಿ ಗೌನು ತೊಟ್ಟ ಏಳು ಜನ.
"ಪುಟ ತೊಂಬತ್ತೆರಡು. ಎಲ್ಲಕ್ಕೂ ರುಜುವಾತಿದೆ,
ಈ ಸಾಲೊಂದಕ್ಕೆ?"
ಇಲ್ಲ ಅಂದೆ. ಅಡಿಟಿಪ್ಪಣಿ ನೋಡಿ:
ನೀರುಗಂಟಿಯೊಡನೆ ಮಾತುಕತೆ.
ಯಾರೋ ಕೆಮ್ಮಿದರು.
ಅಷ್ಟರಲ್ಲಿ ಕೋಲು ಹಿಡಿದವಳು ಬಂದು
ಹೊತ್ತು ಮುಗಿಯಿತೆಂದು ನೆಲಕ್ಕೆ ಕುಟ್ಟಿದಳು.

ಆಮೇಲೆ, ಗ್ಲಾಸುಗಳ ಗಲಾಟೆಯಲ್ಲಿ,
ಮೂಲೆಯ ಕಿಟಕಿಯ ಬಳಿ ವೊಬ್ಬೆ
ನನ್ನ ಪ್ರಬಂಧವನ್ನು ಹಿಂದಿನಿಂದ ಮುಂದಕ್ಕೆ ಮಗುಚುತ್ತಿದ್ದ.
"ಚೆನ್ನಾಗಿದೆ," ಅಂದ. "ಚಿತ್ರಗಳೂ ಚೆನ್ನಾಗಿವೆ."
ಇನ್ನೆರಡು ಪುಟ ಮಗುಚಿದ.
"ಕಾಫಿ ಎಲ್ಲಿ ಬರುತ್ತೆ?"